ಮಾಂಸ ಬಿಟ್ಟರಷ್ಟೇ ಸಾಕೇ?

ಅಕ್ಕತಂಗಿಯರೇ, ಮಾಂಸ ಬಿಟ್ಟರೆ ಪರಿಸರ ಉಳಿಯುತ್ತದೆ ಎಂಬ ಮಾತು ನೀವೂ ಕೇಳಿರುತ್ತೀರಿ. ದನ, ಕುರಿ ಮಾಂಸದ ಮಟ್ಟಿಗೆ ಅದರಲ್ಲಿ ನಿಜವಿದೆ. ಹಾಗೆಂದು ‘ನಾವು ಹಾಲಿನವರು, ನಮಗೇನು’ ಎಂದು ಸುಮ್ಮನಿರುವಂತಿಲ್ಲ. ಮೆಲುಕು ಹಾಕುವ ಹಸು ತೇಗಿದಾಗ ಮಿಥೇನ್ ಅನಿಲ ಹೊರಬರುತ್ತದೆ. ಭೂಮಿಯ ಬಿಸಿ ಏರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 25 ಪಟ್ಟಿಗೂ ಮಿಗಿಲು.

ಗಬ್ಬ ನಿಲ್ಲದ ಹಸು ಹಾಲು ಕೊಡದಿದ್ದರೂ ಮೇವು ತಿನ್ನುತ್ತದೆ, ತೇಗುತ್ತದೆ. ನಮಗೂ ನಷ್ಟ, ಭೂಮಿಗೂ ನಷ್ಟ. ಆದ್ದರಿಂದ ಹಸುಗಳ ಸಂಖ್ಯೆ ಹೆಚ್ಚಿಸುವ ಬದಲು ಇರುವುದನ್ನೇ ಚೆನ್ನಾಗಿ ಸಾಕೋಣ. ಒಣಹುಲ್ಲಿನ ಜೊತೆ ಹಸಿಮೇವು, ಖನಿಜ ಮಿಶ್ರಣ ಕೊಡಿ. ಬೆದೆಗೆ ಬಂದಾಗ ತಡಮಾಡದೆ ಗರ್ಭಧಾರಣೆ ಮಾಡಿಸಿ. ಸಗಣಿ ಗೋಬರ್ ಗ್ಯಾಸಿಗೆ ಹೋಗಲಿ. ಸೌದೆ ಉಳಿಯುತ್ತದೆ, ನಿಮ್ಮ ಕಣ್ಣಿಗೆ ಹೊಗೆಯೂ ತಪ್ಪುತ್ತದೆ.

ಯಾರು ಏನು ಉಣ್ಣಬೇಕೆಂಬುದು ಅವರವರಿಗೆ ಬಿಟ್ಟದ್ದು. ಕೊಟ್ಟಿಗೆಯ ಕೆಲಸ ಮಾತ್ರ ನಮ್ಮದೇ.