ಹೆಸರಿಲ್ಲದ ಮಾತ್ರೆ ನುಂಗಬೇಡಿ

ಮಂಡಿನೋವು, ಗಂಟುನೋವಿನವರೇ, ಅವರ ಮನೆಯವರೇ,

"ಮಂಡಿನೋವಿಗೆ ಎರಡು ದಿನಕ್ಕೆ ಕೊಡಿ" ಎಂದರೆ ಸಾಕು, ಕೆಲವು ಮೆಡಿಕಲ್ ಶಾಪುಗಳಲ್ಲಿ ಮೂರ್ನಾಲ್ಕು ಡಬ್ಬಿಗಳಿಂದ ಒಂದೊಂದು ಮಾತ್ರೆ ಎತ್ತಿ ಸಣ್ಣ ಕವರಿಗೆ ಹಾಕಿ ಕೊಡುತ್ತಾರೆ. ಒಂದು ಬಿಳಿ, ಒಂದು ಹಳದಿ, ಒಂದು ಗುಲಾಬಿ. ವೈದ್ಯರ ಚೀಟಿ ಇಲ್ಲ, ಬಿಲ್ ಇಲ್ಲ, ಮಾತ್ರೆಯ ಹೆಸರೂ ಇಲ್ಲ. ಸಂಜೆಯೊಳಗೆ ನೋವು ಇಳಿಯುತ್ತದೆ, ಮರುದಿನ ಕೆಲಸಕ್ಕೂ ಹೋಗಬಹುದು. ನುಂಗುವವರನ್ನು ದೂರುವುದಕ್ಕೆ ನಾವು ಬಂದಿಲ್ಲ. ಗದ್ದೆ ನಾಟಿಯ ದಿನಗಳಲ್ಲಿ ಮಂಡಿ ಹಿಡಿದುಕೊಂಡು ಮನೆಯಲ್ಲಿ ಕೂರಲು ಯಾರಿಗಾದೀತು? ನೋವಿನ ಮಾತ್ರೆಯೇ ಬೇಡ ಎಂದೂ ಹೇಳುತ್ತಿಲ್ಲ. ಹೆಸರು ಗೊತ್ತಿಲ್ಲದ ಮಾತ್ರೆ ಬೇಡ, ಅಷ್ಟೇ.

ಆ ಕವರಿನಲ್ಲಿ ಸಾಮಾನ್ಯವಾಗಿ ಇರುವುದು ಡೈಕ್ಲೋಫೆನಾಕ್ ಅಥವಾ ಅಸಿಕ್ಲೋಫೆನಾಕ್. ಕೆಲವೊಮ್ಮೆ ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಎರಡೂ ಇರುತ್ತವೆ. ಅಸಿಕ್ಲೋಫೆನಾಕಿನ ಒಂದು ಪಾಲು ಮೈಯೊಳಗೆ ಹೋಗಿ ಡೈಕ್ಲೋಫೆನಾಕೇ ಆಗುತ್ತದೆ. ಹಾಗಾಗಿ ಎರಡು ಬಣ್ಣದ ಮಾತ್ರೆ ನುಂಗಿದವರಿಗೆ ಸಿಗುವುದು ಎರಡರಷ್ಟು ಅಪಾಯ, ಎರಡರಷ್ಟು ಆರಾಮವಲ್ಲ. ಇವೆರಡನ್ನೂ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂಬ ಎಚ್ಚರಿಕೆ ಮಾತ್ರೆಯ ಪಟ್ಟಿಯ ಮೇಲೇ ಅಚ್ಚಾಗಿರುತ್ತದೆ. ಪಟ್ಟಿಯಿಂದ ಬಿಡಿಸಿ ಕವರಿಗೆ ಹಾಕಿದರೆ ಆ ಎಚ್ಚರಿಕೆ ಅಂಗಡಿಯಲ್ಲೇ ಉಳಿಯುತ್ತದೆ.

ನಮಗೆ ಹೆಚ್ಚು ಭಯವಿರುವುದು ಮೂರನೆಯ ಮಾತ್ರೆಯ ಬಗ್ಗೆ. ಅದು ಸ್ಟಿರಾಯ್ಡ್ ಆಗಿರಬಹುದು: ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್. ವೈದ್ಯರ ಕೈಯಲ್ಲಿ ಇವು ಬೆಲೆಬಾಳುವ ಔಷಧಗಳು. ಗೊತ್ತಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಶುಗರ್ ಏರುತ್ತದೆ, ಬಿಪಿ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಮುಖ ಊದುತ್ತದೆ. ಊದಿದ ಮುಖ ನೋಡಿ "ಅಜ್ಜಿ ಈಗ ಮೈಕೈ ತುಂಬಿಕೊಂಡಿದ್ದಾರೆ" ಎಂದು ಸಂತೋಷಪಡುವ ಮನೆಗಳೂ ಇವೆ. ನಾಟಿ ಔಷಧಿ, ಗಿಡಮೂಲಿಕೆ ಎಂದು ಮಾರುವ ಕೆಲವು ನೋವಿನ ಪುಡಿಗಳಲ್ಲೂ ಸ್ಟಿರಾಯ್ಡ್ ಬೆರಕೆ ಸಿಕ್ಕಿದೆ. ಒಂದೇ ದಿನದಲ್ಲಿ ಹಾರಿಹೋಗುವ ಮಂಡಿನೋವನ್ನು ಅನುಮಾನದಿಂದ ನೋಡಿ. ಇಂಥದ್ದನ್ನು ಬಹಳ ದಿನದಿಂದ ನುಂಗುತ್ತಿದ್ದರೆ ಈ ಕರಪತ್ರ ಓದಿ ಇವತ್ತೇ ನಿಲ್ಲಿಸಿಬಿಡಬೇಡಿ. ಸ್ಟಿರಾಯ್ಡನ್ನು ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು. ಉಳಿದ ಮಾತ್ರೆ, ಪುಡಿ ಸಮೇತ ವೈದ್ಯರ ಬಳಿ ಹೋಗಿ. ಇಳಿಸುತ್ತ ಇಳಿಸುತ್ತ ಬಿಡಿಸುತ್ತಾರೆ.

"ಮಾತ್ರೆ ಹೊಟ್ಟೆಗೆ ಉಷ್ಣ, ಇಂಜೆಕ್ಷನ್ ಹಾಕಿಸಿಕೊಂಡರೆ ಏನೂ ಆಗಲ್ಲ" ಎಂಬ ಮಾತು ಊರೂರಲ್ಲೂ ಇದೆ. ಅದು ಸುಳ್ಳು. ಡೈಕ್ಲೋಫೆನಾಕ್ ಜಾತಿಯ ಔಷಧಗಳು ಕೆಲಸ ಮಾಡುವ ಬಗೆಯನ್ನು ಜಾನ್ ವೇನ್ ಎಂಬ ಇಂಗ್ಲೆಂಡಿನ ವಿಜ್ಞಾನಿ 1971ರಲ್ಲಿ ತೋರಿಸಿಕೊಟ್ಟರು, 1982ರಲ್ಲಿ ಅವರಿಗೆ ನೊಬೆಲ್ ಬಂತು. ಕೀಲಿನಲ್ಲಿ ಊತ, ನೋವು ಹುಟ್ಟಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಇವು ತಡೆಯುತ್ತವೆ. ಆದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ, ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ ರಾಸಾಯನಿಕ. ಔಷಧ ಬಾಯಿಂದ ಹೋಗಲಿ, ಸೂಜಿಯಿಂದ ಹೋಗಲಿ, ರಕ್ತದ ಮೂಲಕ ಎರಡೂ ಕಡೆ ತಲುಪುತ್ತದೆ. ಜೊತೆಗೆ ಕೊಡುವ ಗ್ಯಾಸ್ ಮಾತ್ರೆ ಜಠರವನ್ನು ಒಂದಿಷ್ಟು ಕಾಪಾಡೀತು, ಮೂತ್ರಪಿಂಡಕ್ಕೆ ಅದರಿಂದ ಯಾವ ರಕ್ಷಣೆಯೂ ಇಲ್ಲ.

ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗಾಗಿಯೇ ಒಂದು ಧಾಮವಿದೆ. ದೇಶದ ತುಂಬ ಇದ್ದ ರಣಹದ್ದುಗಳು ಕಣ್ಮರೆಯಾದದ್ದು ಇದೇ ಡೈಕ್ಲೋಫೆನಾಕಿನಿಂದ. ನೋವಿಗೆಂದು ದನಗಳಿಗೆ ಚುಚ್ಚುತ್ತಿದ್ದರು, ಸತ್ತ ದನವನ್ನು ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ದನಗಳಿಗೆ ಅದನ್ನು ಕೊಡಬಾರದೆಂದು ಸರ್ಕಾರ 2006ರಲ್ಲಿ ನಿಷೇಧಿಸಿತು. ಮನುಷ್ಯರು ಈ ಔಷಧವನ್ನು ಹದ್ದಿಗಿಂತ ಎಷ್ಟೋ ಚೆನ್ನಾಗಿ ತಾಳಿಕೊಳ್ಳುತ್ತಾರೆ, ಗಾಬರಿ ಬೇಡ. ಆದರೆ ಎಲ್ಲ ಮನುಷ್ಯರೂ ಒಂದೇ ಸಮ ತಾಳಿಕೊಳ್ಳುವುದಿಲ್ಲ.

ಬಿಪಿಗೆ ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್ ಅಥವಾ ರಾಮಿಪ್ರಿಲ್ ನುಂಗುತ್ತಿರುವವರು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅದರ ಜೊತೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ (ಎಷ್ಟೋ ಬಿಪಿ ಮಾತ್ರೆಗಳಲ್ಲಿ ಅದು ಸೇರಿಕೊಂಡೇ ಇರುತ್ತದೆ), ಮೇಲಿಂದ ನೋವಿನ ಮಾತ್ರೆಯೂ ಬಿದ್ದರೆ, ಮೂರೂ ಕೂಡಿ ಮೂತ್ರಪಿಂಡವನ್ನು ಕೆಲವೇ ದಿನಗಳಲ್ಲಿ ಕೆಡಿಸಬಲ್ಲವು. ಬೇಸಿಗೆಯ ಬಿಸಿಲಲ್ಲಿ ಬೆವರು ಸುರಿಸಿ ದುಡಿದ ದಿನ, ವಾಂತಿ ಭೇದಿಯ ದಿನ ಅಪಾಯ ಇನ್ನೂ ಹೆಚ್ಚು. ಮೂತ್ರಪಿಂಡ ಕೆಡುವಾಗ ನೋಯುವುದಿಲ್ಲ. ಅದನ್ನು ತೋರಿಸುವುದು ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆ. ಶುಗರ್ ಇರುವವರು, ಅರವತ್ತು ದಾಟಿದವರು ನೋವಿನ ಮಾತ್ರೆ ಶುರು ಮಾಡುವ ಮುಂಚೆ ಅದನ್ನು ಕೇಳಿ ಮಾಡಿಸಿಕೊಳ್ಳಿ.

ಹೃದಯದ ತೊಂದರೆ ಇದ್ದವರಿಗೂ ಇವು ಹೊಂದುವುದಿಲ್ಲ. ರೊಫೆಕಾಕ್ಸಿಬ್ ಎಂಬ ಹೆಸರಾಂತ ನೋವಿನ ಮಾತ್ರೆಯನ್ನು 2004ರಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಂಡದ್ದು ಹೃದಯಾಘಾತ ಹೆಚ್ಚಿಸುತ್ತದೆಂದೇ. ರಕ್ತ ತೆಳುವಾಗಲು ಆಸ್ಪಿರಿನ್ 75 ನುಂಗುವವರಿಗೆ ಹೊಟ್ಟೆಯೊಳಗೆ ರಕ್ತಸ್ರಾವದ ಭಯ ಹೆಚ್ಚು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋದರೆ, ಹೊಟ್ಟೆನೋವು ಇಲ್ಲದಿದ್ದರೂ, ಅಂದೇ ಆಸ್ಪತ್ರೆಗೆ ಓಡಿ. ಗರ್ಭಿಣಿಯರು, ಮುಂಚೆ ನೋವಿನ ಮಾತ್ರೆಯಿಂದ ಉಬ್ಬಸ ಬಂದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಮಳೆಗಾಲದ ಮೈಕೈನೋವಿನ ಜ್ವರಕ್ಕೂ ಬೇಡ. ಅದು ಡೆಂಗಿ ಆಗಿದ್ದರೆ ರಕ್ತಸ್ರಾವ ಜೋರಾಗಬಹುದು.

ಹಾಗಾದರೆ ನೋವಿಗೆ ಏನು ಮಾಡುವುದು? ಮಂಡಿ ಸವೆತವಾದರೆ ಮೊದಲು ಡೈಕ್ಲೋಫೆನಾಕ್ ಜೆಲ್. ದಿನಕ್ಕೆ ಮೂರ್ನಾಲ್ಕು ಸಲ ಹಚ್ಚಿ, ಒಂದೆರಡು ವಾರ ಬಿಡದೆ ನೋಡಿ. ಒಂದು ಮಂಡಿಗೆ ಹಚ್ಚಿದಾಗ ರಕ್ತಕ್ಕೆ ಸೇರುವುದು ಮಾತ್ರೆಯಿಂದ ಸೇರುವುದರ ಸುಮಾರು ಶೇ 6ರಷ್ಟು ಮಾತ್ರ. ಹಚ್ಚಿದ ಮೇಲೆ ಬಟ್ಟೆ ಬಿಗಿಯುವುದು, ಶಾಖ ಕೊಡುವುದು ಬೇಡ. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ ಐದು ಎಣಿಸಿ ಇಳಿಸುವ ವ್ಯಾಯಾಮವನ್ನು ದಿನಾ ಮಾಡಿದರೆ ತೊಡೆಯ ಸ್ನಾಯು ಗಟ್ಟಿಯಾಗಿ ಮಂಡಿಯ ಭಾರ ಹೊರುತ್ತದೆ. ಇದನ್ನು ಕೇಳಿ ನಗುವವರೇ ಜಾಸ್ತಿ, ಮಾಡುವವರು ಕಡಿಮೆ. ಮಾತ್ರೆ ಬೇಕೇ ಬೇಕಾದರೆ ಒಂದೇ ಬಗೆಯದ್ದು, ಕಡಿಮೆ ಪ್ರಮಾಣದಲ್ಲಿ, ಊಟವಾದ ಮೇಲೆ, ವೈದ್ಯರು ಹೇಳಿದಷ್ಟೇ ದಿನ. ಡೈಕ್ಲೋಫೆನಾಕ್ ದಿನಕ್ಕೆ 150 ಮಿಲಿಗ್ರಾಂ ಎಂದೂ ದಾಟಬಾರದು. ವಯಸ್ಸಾದವರಿಗೆ ಅದೂ ಹೆಚ್ಚೇ.

ಬೆಳಗ್ಗೆ ಎದ್ದಾಗ ಎರಡೂ ಕೈಯ ಬೆರಳುಗಳು ಊದಿಕೊಂಡು, ಅರ್ಧ ಗಂಟೆಗೂ ಹೆಚ್ಚು ಹೊತ್ತು ಮಡಚಲು ಬಾರದಿದ್ದರೆ ಅದು ಸವೆತವಲ್ಲದಿರಬಹುದು. ಅದು ರುಮಟಾಯ್ಡ್ ಸಂಧಿವಾತವಾಗಿದ್ದರೆ ನೋವಿನ ಮಾತ್ರೆ ನೋವನ್ನು ಮುಚ್ಚಿಡುತ್ತದೆ, ಒಳಗೆ ಕೀಲು ಸೊಟ್ಟಗಾಗುತ್ತಲೇ ಹೋಗುತ್ತದೆ. ಅದಕ್ಕೆ ಬೇರೆಯೇ ಔಷಧಗಳಿವೆ, ಬೇಗ ಶುರುವಾದಷ್ಟೂ ಗುಣ ಹೆಚ್ಚು.

ಇನ್ನು ಅಂಗಡಿಯವರಲ್ಲಿ ಒಂದು ಮಾತು. ಚೀಟಿ ಬೇಕಾದ ಔಷಧವನ್ನು ಚೀಟಿ ನೋಡಿಯೇ ಕೊಡಿ. ನಾಲ್ಕೇ ಮಾತ್ರೆ ಕೊಡುವುದಾದರೂ ಹೆಸರು, ಅವಧಿ ಮುಗಿಯುವ ದಿನಾಂಕ ಕಾಣುವಂತೆ ಪಟ್ಟಿಯನ್ನೇ ಕತ್ತರಿಸಿ ಕೊಡಿ, ಬಿಲ್ ಹಾಕಿ. ಕೊಳ್ಳುವವರೇ, ಆ ಬಿಲ್ಲನ್ನೂ ಖಾಲಿ ಪಟ್ಟಿಯನ್ನೂ ಬಿಪಿ, ಶುಗರ್ ಮಾತ್ರೆಗಳಿಡುವ ಡಬ್ಬಿಯಲ್ಲೇ ಇಡಿ. ಮುಂದಿನ ಸಲ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವಾಗ, ಅಥವಾ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ, ಇಡೀ ಡಬ್ಬಿಯನ್ನು ಮುಂದಿಡಿ.