ಎತ್ತಿನ ಸೋಮವಾರ

ಶನಿವಾರ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ರಸ್ತೆಗಳಲ್ಲಿ ಬೆಂಗಳೂರು, ಹುಬ್ಬಳ್ಳಿಗಳಿಂದ ಬಂದ ಕಾರುಗಳ ಸಾಲು ಕಾಣತೊಡಗುತ್ತದೆ. ಉಂಚಳ್ಳಿ, ಬುರುಡೆ, ಮಾಗೋಡು, ಸಾತೊಡ್ಡಿ ಎಂದು ಒಂದೊಂದೇ ಜಲಪಾತದ ದಾರಿ ಕೇಳಿಕೊಂಡು ಜನರು ಬರುತ್ತಾರೆ. ತೋಟದ ಮನೆಯೊಂದರಲ್ಲಿ ರಾತ್ರಿ ತಂಗಿ, ಭಾನುವಾರ ಇಳಿಹೊತ್ತಿಗೆ ಮರಳುತ್ತಾರೆ. ಏತಕ್ಕೆ ಬಂದಿರೆಂದು ಕೇಳಿದರೆ ಎಲ್ಲರದೂ ಬಹುಮಟ್ಟಿಗೆ ಒಂದೇ ಉತ್ತರ: ದಣಿದಿದ್ದೇವೆ, ತುಸು ವಿಶ್ರಾಂತಿ ಬೇಕಾಗಿತ್ತು.

ಅವರನ್ನು ನಾವು ಹಳಿಯುವುದಿಲ್ಲ. ಬಂದವರಿಗೆ ನೀರು, ನೆರಳು ಕೊಡುವುದು ಈ ಸೀಮೆಯ ಗುಣ. ಆದರೆ ಪ್ರಶ್ನೆಯೊಂದು ನಮ್ಮನ್ನು ಕಾಡುತ್ತದೆ. ಹೊರಗಿನವರು ವಿಶ್ರಾಂತಿಯನ್ನು ಅರಸಿಕೊಂಡು ಬರುವ ಈ ನೆಲದಲ್ಲಿಯೇ ಹುಟ್ಟಿ ಬಾಳುತ್ತಿರುವ ಮನೆಗಳಲ್ಲಿ ವಿಶ್ರಾಂತಿ ಇದೆಯೆ? ಅತಿಥಿಗೆ ಬಿಸಿದೋಸೆ ಬಡಿಸುವ ತಾಯಿ ಎಷ್ಟು ಗಂಟೆಗೆ ಎದ್ದಳು, ಹಿಂದಿನ ರಾತ್ರಿ ಮಲಗಿದ್ದು ಎಷ್ಟು ಹೊತ್ತಿಗೆ ಎಂಬುದನ್ನು ಕೇಳಿದವರುಂಟೆ? ದೊಡ್ಡ ದೊಡ್ಡ ಮನೆಗಳಲ್ಲಿ ವಯಸ್ಸಾದ ಗಂಡಹೆಂಡಿರಿಬ್ಬರೇ ಉಳಿದಿದ್ದಾರೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಕೊನೆಗೌಡ ಸಿಕ್ಕಿದ ದಿನವೇ ಅಡಿಕೆಯ ಕೊಯ್ಲು. ಮಳೆಗಾಲದಲ್ಲಿ ಕೊಳೆರೋಗ, ಈಚೆಗೆ ಎಲೆಚುಕ್ಕಿ ರೋಗ, ಇವೆರಡರ ನಡುವೆ ಸಾಲದ ಕಂತು. 2021ರ ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡವೇ ಕುಸಿದು ತೋಟಗಳು ಮಣ್ಣುಪಾಲಾದ ಮೇಲೆ, ಬಿರುಮಳೆ ಸುರಿಯುವ ರಾತ್ರಿ ಇಳಿಜಾರಿನ ಮನೆಗಳವರಿಗೆ ನೆಮ್ಮದಿಯ ನಿದ್ರೆ ಎಲ್ಲಿಂದ ಬರಬೇಕು? ದಣಿವು ಮೈಗೆಲಸದಿಂದ ಮಾತ್ರ ಬರುವುದಲ್ಲ.

ಈ ವಿಷಯವನ್ನು ಆಲೋಚಿಸುತ್ತಿರುವಾಗ ನಮ್ಮ ಹಿರಿಯರು ಪಾಲಿಸಿಕೊಂಡು ಬಂದಿದ್ದ ಒಂದು ಕಟ್ಟಳೆ ನೆನಪಿಗೆ ಬರುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಬನವಾಸಿ, ದಾಸನಕೊಪ್ಪದ ಕಡೆಯ ಒಕ್ಕಲು ಮನೆಗಳಲ್ಲಿ, ಹಾನಗಲ್ಲು, ಹಾವೇರಿಯ ಬಯಲಿನಲ್ಲಿದ್ದಂತೆಯೇ, ಸೋಮವಾರ ಎತ್ತಿನ ಹೆಗಲಿಗೆ ನೊಗವನ್ನು ಇಡುತ್ತಿರಲಿಲ್ಲ. ಹೊಲದ ಹದ ಆರಿಹೋಗುತ್ತಿರಲಿ, ನೆರೆಯವನ ಬಿತ್ತನೆ ಮುಗಿದಿರಲಿ, ಅಂದು ಬಸವಣ್ಣನ ವಾರ. ಎತ್ತು ಕೊಟ್ಟಿಗೆಯಲ್ಲಿಯೇ ಇರಬೇಕು. ಅದರ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿದ ಮೇಲೆಯೇ ಮನೆಯ ಯಜಮಾನನ ಪೂಜೆ, ಪ್ರಸಾದ. ಬಸವ ಎಂಬ ಹೆಸರು ವೃಷಭ ಶಬ್ದದಿಂದಲೇ ಬಂದುದು ಎಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ. ಬನವಾಸಿಯ ಮಧುಕೇಶ್ವರನ ಗುಡಿಯಲ್ಲಿ ಅಷ್ಟು ದೊಡ್ಡ ನಂದಿ ಕಾಲು ಮಡಿಸಿ ಕುಳಿತಿದೆಯಷ್ಟೆ. ಅದರ ಒಂದು ಕಣ್ಣು ಶಿವನ ಕಡೆಗೆ, ಇನ್ನೊಂದು ಪಾರ್ವತಿಯ ಕಡೆಗೆ ಎಂದು ಊರವರು ತೋರಿಸುತ್ತಾರೆ. ನಮಗಾದರೋ ಅದನ್ನು ಕಂಡಾಗಲೆಲ್ಲ ಸೋಮವಾರದ ಎತ್ತೇ ನೆನಪಾಗುತ್ತದೆ.

ಎತ್ತಿಗೆ ಬಿಡುವು ಸಿಕ್ಕಿತೆಂದರೆ ಅದರ ಹಿಂದೆ ನಡೆಯುವವನಿಗೂ ಬಿಡುವು ಸಿಕ್ಕಿತೆಂದೇ ಅರ್ಥ. ಅಂದು ಹಗ್ಗ ಹೊಸೆಯುವುದು, ಕುಂಟೆಯ ಹಲ್ಲು ಸರಿಪಡಿಸುವುದು ಮುಂತಾದ ಕೂತು ಮಾಡುವ ಕೆಲಸಗಳು. ಮಠಕ್ಕೆ ಹೋಗಿ ಬರುವುದು, ಕಾಯಿಲೆ ಬಿದ್ದವರನ್ನು ಕಂಡು ಮಾತನಾಡಿಸುವುದು, ಕಟ್ಟೆಯ ಮೇಲೆ ಕುಳಿತು ಜಗಳ ಬಗೆಹರಿಸುವುದು, ಕೆಲವೊಮ್ಮೆ ಹೊಸ ಜಗಳ ತೆಗೆಯುವುದು. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟುಕೊಂಡು ಅವಸರವಿಲ್ಲದೆ ಕುಳಿತುಕೊಳ್ಳಲು ವಾರದಲ್ಲಿ ಒಂದು ಬೆಳಗಾದರೂ ದೊರೆಯುತ್ತಿತ್ತು. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದೊರೆತದ್ದು 1890ರಲ್ಲಿ, ಅದೂ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿದ ಮೇಲೆ. ನಮ್ಮ ಕೊಟ್ಟಿಗೆಯ ಮೂಕ ಪ್ರಾಣಿಗೆ ಅರ್ಜಿ ಹಾಕದೆಯೇ ವಾರದ ರಜೆ ಇತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಿರಿಯರು ತಮಗೆ ವಿಶ್ರಾಂತಿ ಬೇಕೆಂದು ಸೋಮವಾರವನ್ನು ಮಾಡಿಕೊಳ್ಳಲಿಲ್ಲ. ಎತ್ತಿಗೆ ಕೊಟ್ಟರು; ಕೊಟ್ಟದ್ದರಿಂದ ಅವರಿಗೂ ದೊರೆಯಿತು. ಇಂದು ನಾವು ವಿಶ್ರಾಂತಿಯನ್ನು ಕೊಂಡು ತರುವ ವಸ್ತುವೆಂದು ತಿಳಿದಿದ್ದೇವೆ. ಎರಡು ದಿನ, ಒಂದು ಜಲಪಾತ, ಇಷ್ಟು ರೂಪಾಯಿ ಎಂದು ಲೆಕ್ಕ ಹಾಕಿ ಹೊರಡುವವನು ಮರಳುವಾಗ ಮೊದಲಿಗಿಂತ ಹೆಚ್ಚು ಬಳಲಿರುತ್ತಾನೆ.

ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು, ಟಿಲ್ಲರು ಬಂದವು. ಅವು ಬಂದದ್ದು ಒಳ್ಳೆಯದೇ ಆಯಿತು. ಹೆಗಲು ಹುಣ್ಣಾದ ಎತ್ತನ್ನು ಕಂಡವರು ಹಳೆಯ ಬೇಸಾಯವನ್ನು ವಿನಾಕಾರಣ ಹೊಗಳಲಾರರು. ಆದರೆ ಯಂತ್ರಕ್ಕೆ ಸೋಮವಾರವಿಲ್ಲ. ಬಾಡಿಗೆಯ ಟ್ರ್ಯಾಕ್ಟರು ಯಾವಾಗ ಬರುತ್ತದೆಯೋ ಆಗಲೇ ಉಳುಮೆ, ಅದು ರಾತ್ರಿಯಾದರೂ ಸರಿ. ಬನವಾಸಿಯ ಸುತ್ತ ಅನಾನಸು, ಶುಂಠಿ, ಗೋವಿನಜೋಳ ಹೆಚ್ಚಿದಂತೆ ವರ್ಷದ ಯಾವ ತಿಂಗಳೂ ಬರಿದಾಗಿ ಉಳಿಯಲಿಲ್ಲ. ಘಟ್ಟದಂಚಿನ ಅಡಿಕೆಯ ಸೀಮೆಯಲ್ಲಿಯೂ ಇದೇ ಕಥೆ. ಕೊಯ್ಲಿನ ಕಾಲದಲ್ಲಿ ರಾತ್ರಿಯ ಹೊತ್ತು ನೆರೆಹೊರೆಯವರು ಒಂದೇ ಮನೆಯಲ್ಲಿ ಸೇರಿ, ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು, ಕಥೆ ಹೇಳುತ್ತ, ಯಕ್ಷಗಾನದ ಪದ ಹಾಡುತ್ತ ಅಡಿಕೆ ಸುಲಿಯುತ್ತಿದ್ದರು. ಕೈ ಕಪ್ಪಾಗುತ್ತಿತ್ತು, ಸೊಂಟ ಹಿಡಿಯುತ್ತಿತ್ತು, ನಿಜ. ಈಗ ಸುಲಿಯುವ ಯಂತ್ರ ಬಂದಿದೆ. ಕೆಲಸ ಬೇಗ ಮುಗಿಯುತ್ತದೆ. ಆದರೆ ಮುಯ್ಯಾಳು ಹೋಯಿತು. ಅಂದು ಹತ್ತು ಮಂದಿ ಹಂಚಿಕೊಂಡಿದ್ದ ದಣಿವನ್ನು ಇಂದು ಒಬ್ಬನೇ ಹೊರುತ್ತಾನೆ.

ಊರು ಬಿಟ್ಟ ಮಕ್ಕಳ ಪಾಡಂತೂ ಹೇಳತೀರದು. ಎತ್ತಿಗೆ ಬಿಡುವಾಗಿದ್ದ ಅದೇ ಸೋಮವಾರವೇ ಕಚೇರಿಯ ನೌಕರನಿಗೆ ವಾರದಲ್ಲೆಲ್ಲ ಅತಿ ಭಾರದ ದಿನವಾಗಿದೆ. ಭಾನುವಾರ ಸಂಜೆಯಿಂದಲೇ ಅವನ ಎದೆ ಢವಗುಟ್ಟತೊಡಗುತ್ತದೆ. 2020ರಲ್ಲಿ ಕೊರೋನಾ ಬಂದಾಗ ಅನೇಕರು ಊರಿಗೆ ಮರಳಿ, ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಮರದಡಿಯಲ್ಲಿ ಕಂಪ್ಯೂಟರು ತೆರೆದು ಕುಳಿತುದನ್ನು ನಾವೆಲ್ಲ ಕಂಡಿದ್ದೇವೆ. ಮಗ ಮನೆಗೆ ಬಂದನೆಂದು ತಾಯಿ ಹಿಗ್ಗಿದಳು. ಆದರೆ ಅವನ ಹಿಂದೆ ಕಚೇರಿಯೂ ಮನೆ ಹೊಕ್ಕಿತು, ಇಂದಿಗೂ ಹೊರಗೆ ಹೋಗಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೆಲಸದ ಒತ್ತಡದಿಂದ ಮನುಷ್ಯ ಪೂರ್ತಿಯಾಗಿ ಬತ್ತಿಹೋಗುವ ಸ್ಥಿತಿಯನ್ನು ತನ್ನ ರೋಗವರ್ಗೀಕರಣದ ಗ್ರಂಥದಲ್ಲಿ ವೃತ್ತಿಗೆ ಸಂಬಂಧಿಸಿದ ಸಮಸ್ಯೆಯೆಂದು ವಿವರಿಸಿತು. ಅದೇ ಸಂಸ್ಥೆ ಹಾಗೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದುದರ ಫಲವಾಗಿ 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 7,45,000 ಮಂದಿ ಹೃದ್ರೋಗ, ಪಾರ್ಶ್ವವಾಯುಗಳಿಂದ ಸತ್ತರು.

ಹೀಗಿದ್ದೂ 2023ರಲ್ಲಿ ಉದ್ಯಮಿ ಎನ್.ಆರ್. ನಾರಾಯಣಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ, ನಮ್ಮವರಲ್ಲಿಯೂ ಕೆಲವರು ಶರಣರ ಕಾಯಕತತ್ತ್ವವನ್ನು ಅದರ ಬೆಂಬಲಕ್ಕೆ ಎಳೆದು ತಂದರು. ಇದು ನಮಗೆ ಒಪ್ಪಿಗೆಯಾಗದು. ಕಾಯಕದಲ್ಲಿ ತೊಡಗಿದವನು ಲಿಂಗಪೂಜೆಯನ್ನೇ ಮರೆತರೂ ದೋಷವಿಲ್ಲವೆಂಬಷ್ಟು ಕಾಯಕವನ್ನು ಎತ್ತಿ ಹಿಡಿದವನು ಆಯ್ದಕ್ಕಿ ಮಾರಯ್ಯ. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು ಆತ. ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಏನು ಮಾಡಿದಳು? ಗಂಡ ಚೆನ್ನಾಗಿ ದುಡಿದು ಬಂದನೆಂದು ಹಿಗ್ಗಲಿಲ್ಲ. ಇದು ಆಸೆಯ ಅಕ್ಕಿ, ಇದನ್ನು ತಂದಲ್ಲಿಯೇ ಹಾಕಿ ಬಾ ಎಂದು ಕಳುಹಿಸಿದಳು. ಕಾಯಕದ ಹಿರಿಮೆಯನ್ನು ಸಾರಿದವನಿಗೆ ಕಾಯಕದ ಎಲ್ಲೆಯನ್ನು ತೋರಿದವಳು ಅವನ ಮನೆಯಾಕೆ. ಈ ಎರಡನೆಯ ಭಾಗವನ್ನು ಬಿಟ್ಟು ಮೊದಲನೆಯದನ್ನಷ್ಟೇ ಹೇಳುವುದು ಶರಣರಿಗೆ ಬಗೆಯುವ ಅನ್ಯಾಯ. ಸಾಕೆಂಬ ಮಾತೇ ಇಲ್ಲದ ದುಡಿಮೆಯನ್ನು ಕಾಯಕವೆಂದು ಕರೆಯಲು ನಮ್ಮ ನಾಲಗೆ ಏಳದು.

ಒಳ್ಳೆಯ ಕೆಲಸಕ್ಕೂ ಈ ಮಾತು ಸಲ್ಲುತ್ತದೆ. ಕೆರೆ ತೋಡಿಸುವುದರಲ್ಲಿ, ಗುಡಿ ಕಟ್ಟಿಸುವುದರಲ್ಲಿ ಮುಳುಗಿದ್ದ ಸೊನ್ನಲಿಗೆಯ ಸಿದ್ಧರಾಮನನ್ನು ಅಲ್ಲಮಪ್ರಭು ಒಡ್ಡನೆಂದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕೆಲಸಗಾರರು ಸಿಟ್ಟಾಗಿ ಪ್ರಭುವಿನ ಮೇಲೆ ಕಲ್ಲು ಬೀರಿದರು. ಕೆರೆ ಬೇಡವೆಂಬುದು ಪ್ರಭುವಿನ ಅಭಿಪ್ರಾಯವಲ್ಲ. ಕೆರೆ ಕಟ್ಟುವವನು ತನ್ನೊಳಗನ್ನು ನೋಡಿಕೊಂಡಿಲ್ಲವೆಂಬುದೇ ಅವನ ಆಕ್ಷೇಪ. ಸಮಾಜದ ಕೆಲಸವೆಂದು ವಾರಕ್ಕೆ ನಾಲ್ಕು ಸಭೆಗಳಿಗೆ ಓಡಾಡುವ ನಮ್ಮ ಹಿರಿಯರೂ ಇದನ್ನು ಒಮ್ಮೆ ಓದಬಹುದು.

ಇನ್ನು ಹಳೆಯ ಸೋಮವಾರದ ಒಂದು ಕೊರತೆಯನ್ನು ಮುಚ್ಚಿಡುವುದು ಸರಿಯಲ್ಲ. ಎತ್ತಿಗೆ ಬಿಡುವಿತ್ತು, ಯಜಮಾನನಿಗೆ ಬಿಡುವಿತ್ತು. ಆಳಿಗಿತ್ತೆಂದು ಎದೆ ತಟ್ಟಿ ಹೇಳಲಾರೆವು. ಉಳುಮೆ ಇಲ್ಲದ ದಿನ ಅವನನ್ನು ಸೌದೆಗೋ ಹುಲ್ಲಿಗೋ ಅಟ್ಟಿದ ಮನೆಗಳಿದ್ದವು. ಮನೆಯ ಹೆಂಗಸರಿಗಂತೂ ಖಂಡಿತ ಇರಲಿಲ್ಲ. ಸೋಮವಾರವೆಂದರೆ ಮನೆ ಸಾರಿಸುವುದು, ಮಡಿ, ಬಂದ ಜಂಗಮರಿಗೆ ಅಡುಗೆ, ಹೀಗೆ ಅವರಿಗೆ ಒಂದು ತೂಕ ಹೆಚ್ಚೇ. ಸೀಗಿ ಹುಣ್ಣಿಮೆಯನ್ನೇ ನೋಡಿರಿ. ಪೈರು ತುಂಬಿ ನಿಂತ ಭೂಮಿಯನ್ನು ಬಸುರಿಯೆಂದು ಭಾವಿಸಿ, ಬಯಕೆಯ ಊಟ ಹೊತ್ತುಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ ಅಲ್ಲಿಯೇ ಕುಳಿತು ಉಣ್ಣುವ ಹಬ್ಬವದು. ಸಿದ್ದಾಪುರ, ಸೊರಬದ ಕಡೆ ದೀವರ ಮನೆಯ ಹೆಣ್ಣುಮಕ್ಕಳು ಇದಕ್ಕಾಗಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ಚೆಲುವನ್ನು ಕಂಡವರೇ ಬಲ್ಲರು. ಅಂದು ಹೊಲಕ್ಕೆ ಹೋಗುವುದು ದುಡಿಯಲಿಕ್ಕಲ್ಲ. ಆದರೆ ಭೂಮಿಯ ಬಯಕೆ ತೀರಿಸಲು ರಾತ್ರಿಯೆಲ್ಲ ನಿದ್ರೆಗೆಟ್ಟು ಬೇಯಿಸುವವರು ಯಾರು? 2019ರ ಕೇಂದ್ರ ಸರ್ಕಾರದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ವ್ಯಯಿಸುತ್ತಾರೆಂದು ಕಂಡುಬಂತು. ಮನೆಗೆಲಸ ಮಾಡುವ ಗಂಡಸರನ್ನಷ್ಟೇ ಲೆಕ್ಕ ಹಿಡಿದಾಗ ಇಷ್ಟು. ಏನೂ ಮಾಡದವರು ಈ ಲೆಕ್ಕದಲ್ಲಿಲ್ಲ.

ಆದುದರಿಂದ ಸೋಮವಾರವನ್ನು ಮರಳಿ ತರುವುದಾದರೆ ಹಳೆಯದನ್ನೇ ತರುವುದು ನಮ್ಮ ಇಷ್ಟವಲ್ಲ. ವಾರವೂ ಸೋಮವಾರವೇ ಆಗಬೇಕೆಂಬ ಹಟವೂ ಇಲ್ಲ. ಪಟ್ಟಣದವರಿಗೆ ಭಾನುವಾರವೇ ಅನುಕೂಲ. ಕೊಟ್ಟಿಗೆಯಲ್ಲಿ ಎತ್ತಿಲ್ಲದ ಮನೆಯವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ: ಈ ಮನೆಯಲ್ಲಿ ಈಗ ನೊಗ ಹೊತ್ತವರು ಯಾರು? ಒಂದು ಮನೆಯಲ್ಲಿ ಅದು ಸೊಸೆಯಾಗಿರಬಹುದು, ಇನ್ನೊಂದರಲ್ಲಿ ಪರೀಕ್ಷೆಗೆ ಕುಳಿತ ಮಗು, ಮತ್ತೊಂದರಲ್ಲಿ ತೋಟಕ್ಕೆ ಬರುವ ಆಳು. ಅವರ ನೊಗವನ್ನು ಒಂದು ಹೊತ್ತು ಇಳಿಸುವುದು ಹೇಗೆಂಬುದನ್ನು ಆಯಾ ಮನೆಯವರೇ ಬಲ್ಲರು. ಪೂಜೆಗೆ ಕುಳಿತಾಗ ಮಗ್ಗುಲಲ್ಲಿ ಮೊಬೈಲು ಇಟ್ಟುಕೊಳ್ಳುವ ರೂಢಿಯನ್ನು ಬಿಟ್ಟರೆ ಇನ್ನೂ ಒಳ್ಳೆಯದು. ಇಷ್ಟಲಿಂಗದ ಮೇಲೆ ನಟ್ಟ ದೃಷ್ಟಿ ಪ್ರತಿ ಗಂಟೆಯ ಸದ್ದಿಗೂ ಕದಲಿದರೆ ಅದು ಪೂಜೆಯೂ ಅಲ್ಲ, ವಿಶ್ರಾಂತಿಯೂ ಅಲ್ಲ.

ಬನವಾಸಿಯ ಬಳಿಯ, ನಮಗೆ ಪರಿಚಯವಿರುವ ಮನೆಯೊಂದರಲ್ಲಿ ಕಳೆದ ಶ್ರಾವಣದಿಂದ ಸೋಮವಾರ ರಾತ್ರಿಯ ಅಡುಗೆಯನ್ನು ತಂದೆ ಮತ್ತು ಇಬ್ಬರು ಗಂಡುಮಕ್ಕಳು ವಹಿಸಿಕೊಂಡಿದ್ದಾರೆ. ಅತ್ತೆ, ಸೊಸೆ ಇಬ್ಬರೂ ಅಂದು ಸಂಜೆ ಒಟ್ಟಿಗೆ ಮಧುಕೇಶ್ವರನ ಗುಡಿಗೆ ಹೋಗಿ, ಹೊತ್ತು ಮುಳುಗಿದ ಮೇಲೆ ನಿಧಾನವಾಗಿ ಮರಳುತ್ತಾರೆ. ಮೊದಲ ವಾರ ಅನ್ನ ತಳ ಹತ್ತಿತಂತೆ, ಸಾರಿಗೆ ಉಪ್ಪು ಹೆಚ್ಚಾಗಿತ್ತಂತೆ. ಅತ್ತೆಯವರು ಮಜ್ಜಿಗೆ ಹಾಕಿಕೊಂಡು ಉಂಡು, ಮುಂದಿನ ವಾರ ನೀರು ತುಸು ಹೆಚ್ಚಿಗೆ ಇಡಿರಿ ಎಂದಷ್ಟೇ ಹೇಳಿದರಂತೆ.