ಕೊರೊನಾ ದುಡ್ಡು ಬಂತು, ಚರಂಡಿ ದುಡ್ಡು ಹೋಯಿತು

ಸಾಸ್ತಾನ: ಕೊರೊನಾಕ್ಕೆ ಅಂತ ಕೇಂದ್ರದಿಂದ ಪಂಚಾಯತಿಗೆ ದುಡ್ಡು ಬಂದಿತ್ತಂಬ್ರು, ಅದೆಲ್ಲ ಹೋದದ್ದೆಲ್ಲಿಗೆ ಮಾರಾಯ್ರೆ ಎಂಬ ಪ್ರಶ್ನೆ ಪೇಟೆಯ ಅಂಗಡಿ ಕಟ್ಟೆಗಳಲ್ಲಿ ಇನ್ನೂ ಸತ್ತಿಲ್ಲ. ಮಾಸ್ಕು ಕಪಾಟು ಸೇರಿತು, ಸ್ಯಾನಿಟೈಸರ್ ಬಾಟಲಿಯಲ್ಲಿ ಈಗ ದೀಪದೆಣ್ಣೆ ತುಂಬಿದೆ, ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಕೇಳುವವರು ಮೆಂಬರರನ್ನು ಬೈಯುತ್ತಾರೆ. ಮೆಂಬರರು ಪಿಡಿಒ ಕಡೆ ಬೆರಳು ತೋರಿಸುತ್ತಾರೆ. ಪಿಡಿಒ ಕಂಪ್ಯೂಟರಿನ ಕಡೆ.

ದುಡ್ಡು ಬಂದದ್ದು ಹೌದು. ಆದರೆ ಅದು ಕೊರೊನಾಕ್ಕೆ ಬೇರೆಯಾಗಿ ಬಂದ ದುಡ್ಡಲ್ಲ. ಲೆಕ್ಕದ ಗುಟ್ಟು ಇರುವುದೇ ಇಲ್ಲಿ.

2021ರ ಮೇ 8ರಂದು ಕೇಂದ್ರ ಹಣಕಾಸು ಸಚಿವಾಲಯ 25 ರಾಜ್ಯಗಳ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 8,923.8 ಕೋಟಿ ರೂಪಾಯಿ ಬಿಡುಗಡೆ ಮಾಡಿತು. ಕರ್ನಾಟಕದ ಪಾಲು 475.4 ಕೋಟಿ. ಕೊರೊನಾ ತಡೆಯುವ ಕೆಲಸಕ್ಕೂ ಇದನ್ನು ಬಳಸಬಹುದು ಎಂದು ಪ್ರಕಟಣೆಯಲ್ಲಿತ್ತು. ಅದೇ ಸುದ್ದಿ ಊರೂರಿಗೆ ಬರುವಷ್ಟರಲ್ಲಿ "ಕೊರೊನಾ ಅನುದಾನ" ಆಯಿತು.

ಮೊದಲೇ ಕೊಟ್ಟರು, ಹೆಚ್ಚಿಗೆ ಕೊಡಲಿಲ್ಲ

ನಿಜ ಸಂಗತಿ ಏನೆಂದರೆ, ಅದು 15ನೇ ಹಣಕಾಸು ಆಯೋಗ ಪಂಚಾಯತ್‌ಗಳಿಗೆ ಹೇಗೂ ಕೊಡಬೇಕೆಂದು ಹೇಳಿದ್ದ ಹಣದ ಒಂದು ಕಂತು. ಜೂನ್‌ನಲ್ಲಿ ಬರಬೇಕಿದ್ದದ್ದನ್ನು ಮೇ ತಿಂಗಳಲ್ಲೇ ಕೊಟ್ಟರು. ಲೆಕ್ಕಪತ್ರ ಆನ್‌ಲೈನಿನಲ್ಲಿ ಹಾಕಿದವರಿಗೆ ಮಾತ್ರ ಎಂಬ ಷರತ್ತನ್ನು ಆ ಕಂತಿನ ಮಟ್ಟಿಗೆ ಸಡಿಲಿಸಿದರು. ಉಪಕಾರ ಅಷ್ಟೇ. ಸಂಬಳವನ್ನು ಹದಿನೈದು ದಿನ ಮೊದಲು ಕೊಟ್ಟ ಧಣಿಗೆ "ಬೋನಸ್ ಕೊಟ್ಟರು" ಎಂದು ಹೇಳಿದ ಹಾಗೆ.

ಅಂದರೆ ಆ ದುಡ್ಡಿನಲ್ಲಿ ಪಂಚಾಯತ್ ಒಂದು ಕ್ಯಾನ್ ಔಷಧ ತಂದು ಸಿಂಪಡಿಸಿದರೆ ಅಷ್ಟು ಮೊತ್ತ ದಾರಿದೀಪದ್ದೋ, ಮೋರಿಯದ್ದೋ, ಅಂಗನವಾಡಿಯ ಮಾಡಿನದ್ದೋ ಬಾಬ್ತಿನಿಂದ ಕಳೆದುಹೋಗುತ್ತದೆ. ಮಳೆಗಾಲದಲ್ಲಿ ತೋಡು ಉಕ್ಕಿ ರಸ್ತೆಗೆ ಬಂದಾಗ "ಕಳೆದ ವರ್ಷದ ಕ್ರಿಯಾಯೋಜನೆಯಲ್ಲಿತ್ತಲ್ಲ, ಎಲ್ಲಿ ಚರಂಡಿ?" ಎಂದು ಕೇಳುವವರಿಗೆ ಉತ್ತರ ಇದೇ.

ಇನ್ನು ಎಷ್ಟು ಹಣ ಎಂಬುದು. ಕೋಟಿ ಎಂದ ಕೂಡಲೇ ಕಣ್ಣು ಅಗಲವಾಗುತ್ತದೆ. 2011ರ ಜನಗಣತಿಯಂತೆ ರಾಜ್ಯದ ಹಳ್ಳಿಗಳ ಜನಸಂಖ್ಯೆ ಸುಮಾರು 3.75 ಕೋಟಿ. 475.4 ಕೋಟಿಯನ್ನು ಅಷ್ಟು ಜನರಿಗೆ ಹಂಚಿದರೆ ತಲೆಗೆ 127 ರೂಪಾಯಿ. ಇದರಲ್ಲಿ ತಾಲೂಕು ಪಂಚಾಯತ್, ಜಿಲ್ಲಾ ಪಂಚಾಯತ್ ಪಾಲೂ ಸೇರಿದೆ. ಆಯೋಗದ ಪ್ರಕಾರ ಗ್ರಾಮ ಪಂಚಾಯತ್‌ಗೆ ಹೋಗುವುದು ನೂರಕ್ಕೆ 70ರಿಂದ 85. ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯತ್ ಇವೆ. ಸರಾಸರಿ ಹಾಕಿದರೆ ಒಂದಕ್ಕೆ ಐದೂವರೆ ಲಕ್ಷದಿಂದ ಆರೂಮುಕ್ಕಾಲು ಲಕ್ಷ ಬರುತ್ತದೆ. ದೊಡ್ಡ ಪಂಚಾಯತಿಗೆ ಹೆಚ್ಚು, ಸಣ್ಣದಕ್ಕೆ ಕಡಿಮೆ.

ಇದಕ್ಕಿಂತ ಖಾರವಾದ ಲೆಕ್ಕ ಬೇರೆ ಇದೆ. ಆಯೋಗದ ಹಣದಲ್ಲಿ ಎರಡು ಜಾತಿ. ಪಂಚಾಯತ್ ಕಚೇರಿಯ ಭಾಷೆಯಲ್ಲೇ ಹೇಳುವುದಾದರೆ ಒಂದು "ಟೈಡ್", ಇನ್ನೊಂದು "ಅನ್‌ಟೈಡ್". ಟೈಡ್ ಎಂದರೆ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ ಹಣ. ಬೇರೆಯದಕ್ಕೆ ಮುಟ್ಟುವ ಹಾಗಿಲ್ಲ. ಅನ್‌ಟೈಡ್ ಎಂದರೆ ಊರಿಗೆ ಬೇಕಾದ ಕೆಲಸಕ್ಕೆ ಹಾಕಬಹುದು, ಸಂಬಳ ಮತ್ತು ಕಚೇರಿ ಖರ್ಚಿಗೆ ಮಾತ್ರ ಕೂಡದು. ಮೇ 8ರಂದು ಬಂದದ್ದು ಈ ಅನ್‌ಟೈಡ್ ಹಣ.

2020-21ರಲ್ಲಿ ದೇಶದ ಗ್ರಾಮೀಣ ಸಂಸ್ಥೆಗಳಿಗೆ ಆಯೋಗ ಹೇಳಿದ್ದು 60,750 ಕೋಟಿ. ಕರ್ನಾಟಕಕ್ಕೆ 3,217 ಕೋಟಿ, ಅದರಲ್ಲಿ ಅರ್ಧ ಅನ್‌ಟೈಡ್. ಮಾರನೇ ವರ್ಷ 2021-22ಕ್ಕೆ ದೇಶದ ಮೊತ್ತವೇ 44,901 ಕೋಟಿಗೆ ಇಳಿಯಿತು. ಕರ್ನಾಟಕದ್ದು 2,377 ಕೋಟಿ ಆಯಿತು. ಸಾಲದ್ದಕ್ಕೆ ಟೈಡ್ ಪಾಲನ್ನು ನೂರಕ್ಕೆ 60 ಮಾಡಿ ಅನ್‌ಟೈಡನ್ನು 40ಕ್ಕೆ ಇಳಿಸಿದರು. ಹೀಗೆ ರಾಜ್ಯದ ಪಂಚಾಯತ್‌ಗಳು ಸ್ವಂತ ಬುದ್ಧಿಯಿಂದ ಖರ್ಚು ಮಾಡಬಹುದಾದ ಹಣ ಸುಮಾರು 1,608 ಕೋಟಿಯಿಂದ ಸುಮಾರು 951 ಕೋಟಿಗೆ ಬಂತು. ನೂರಕ್ಕೆ ನಲವತ್ತು ಕಡಿತ! ಎರಡನೇ ಅಲೆಯಲ್ಲಿ ಆಮ್ಲಜನಕಕ್ಕೆ ಪರದಾಡಿದ, ಹೆಚ್ಚು ಜನ ಸತ್ತ ವರ್ಷವೂ ಅದೇ.

ಟೈಡ್ ಹಣ ದಂಡ ಎಂದು ಯಾರೂ ಹೇಳುವುದಿಲ್ಲ. ಸೀತಾ ನದಿಯ ಹಿನ್ನೀರಿನ ಬದಿಯ ಊರುಗಳಲ್ಲಿ ಬೇಸಗೆಯಲ್ಲಿ ಬಾವಿ ನೀರು ಉಪ್ಪಾಗುತ್ತದೆ. ಅಲ್ಲಿನವರಿಗೆ ನಳ್ಳಿ ನೀರು ಔಷಧಕ್ಕಿಂತ ಮುಖ್ಯ. ಕಸದ ವಿಷಯದಲ್ಲೂ ಹಾಗೇ. ಕುಂದಾಪುರ ತಾಲೂಕಿನ ವಂಡ್ಸೆಯ ತ್ಯಾಜ್ಯ ಘಟಕವನ್ನು ಬೇರೆ ಊರಿನವರು ಬಂದು ನೋಡಿ ಹೋಗಿದ್ದಾರೆ. ತಕರಾರು ಇಷ್ಟೇ: ಮನೆಗೆ ಬೆಂಕಿ ಬಿದ್ದ ದಿನ ಪೆಟ್ಟಿಗೆಯ ಬೀಗದ ಕೈ ಮನೆಯವನ ಕೈಯಲ್ಲಿರಬೇಕು, ದಿಲ್ಲಿಯಲ್ಲಲ್ಲ.

ಕೇಳುವವರಿಲ್ಲದ ಹೊತ್ತು

ಹಣ ಕೈಯಲ್ಲಿದ್ದಾಗ ಕೇಳುವವರಿಲ್ಲ, ಕೇಳುವವರು ಬಂದಾಗ ಹಣವಿಲ್ಲ. ನಮ್ಮ ಪಂಚಾಯತ್‌ಗಳ ಪಾಡು ಇದೇ ಆಯಿತು. 2020ರ ಮೇ ತಿಂಗಳಲ್ಲಿ ಮುಂಬೈಯಿಂದ ಊರವರು ಸಾವಿರಗಟ್ಟಲೆ ಬಂದರು. ಕುಂದಾಪುರ, ಬೈಂದೂರು ಕಡೆಯ ಶಾಲೆಗಳು, ಹಾಸ್ಟೆಲುಗಳು ಕ್ವಾರಂಟೈನ್ ಕೇಂದ್ರಗಳಾದವು. ಚಾಪೆ, ಬಕೆಟ್, ಊಟ, ಶೌಚಾಲಯದ ನೀರು ಎಂದು ಓಡಾಡಿದ್ದು ಪಂಚಾಯತಿನವರು, ಆಶಾ ಕಾರ್ಯಕರ್ತೆಯರು. ಆ ಹೊತ್ತಿಗೇ ಹಳೇ ಮೆಂಬರರ ಅವಧಿ ಮುಗಿಯಿತು. ಕೊರೊನಾ ಕಾರಣಕ್ಕೆ ಚುನಾವಣೆ ಮುಂದೆ ಹೋಯಿತು. ಸರಕಾರ ಆಡಳಿತಾಧಿಕಾರಿಗಳನ್ನು ಕೂರಿಸಿತು. ಮತದಾನ ನಡೆದದ್ದು 2020ರ ಡಿಸೆಂಬರ್ 22 ಮತ್ತು 27ಕ್ಕೆ.

ಹೀಗಾಗಿ ಹೆಚ್ಚು ಹಣವಿದ್ದ 2020-21ರಲ್ಲಿ ಬಹುಕಾಲ ಪಂಚಾಯತಿನಲ್ಲಿ ಜನ ಆರಿಸಿದ ಒಬ್ಬ ಮನುಷ್ಯನೂ ಇರಲಿಲ್ಲ. ಯಾವ ಕೆಲಸ ಬಿಟ್ಟು ಯಾವುದಕ್ಕೆ ಹಣ ಹಾಕಬೇಕು ಎಂದು ತೀರ್ಮಾನಿಸಿದ್ದು ಅಧಿಕಾರಿಗಳು. ಅವರು ತಿಂದರು ಎಂದಲ್ಲ. ಹಗಲು ರಾತ್ರಿ ದುಡಿದವರು ಅವರಲ್ಲೂ ಇದ್ದಾರೆ. ಆದರೆ ಗ್ರಾಮಸಭೆಯಲ್ಲಿ ಎದ್ದು ನಿಂತು "ನಮ್ಮ ವಾರ್ಡಿನ ಮೋರಿ ಯಾಕೆ ಬಿಟ್ಟಿರಿ?" ಎಂದು ಕೇಳುವ ಅವಕಾಶವೇ ಇರಲಿಲ್ಲ. ನಾಲ್ಕು ಜನ ಸೇರುವುದೇ ತಪ್ಪಾಗಿದ್ದಾಗ ಗ್ರಾಮಸಭೆ ಸೇರುವುದೆಲ್ಲಿ?

ಹೊಸ ಮೆಂಬರರು ಬಂದು ಕುರ್ಚಿ ಬಿಸಿಯಾಗುವ ಮೊದಲೇ ಎರಡನೇ ಅಲೆ. 2021ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ 1,250 ಕೋಟಿಯ ಪ್ಯಾಕೇಜು ಘೋಷಿಸಿದಾಗ ಗ್ರಾಮ ಪಂಚಾಯತ್ ಒಂದಕ್ಕೆ 50 ಸಾವಿರ ರೂಪಾಯಿ ಮುಂಗಡ ಎಂದರು. ಎರಡು ಸಾವಿರ ಮನೆ ಇರುವ ಪಂಚಾಯತಿಗೆ ಇದು ಮನೆಗೆ 25 ರೂಪಾಯಿ. ಆಟೋ, ಟ್ಯಾಕ್ಸಿ ಚಾಲಕರಿಗೆ 3 ಸಾವಿರ, ಬೀದಿ ವ್ಯಾಪಾರಿಗಳಿಗೆ 2 ಸಾವಿರ ಎಂದೂ ಇತ್ತು. ಬಾಡಿಗೆ ಅಂಗಡಿಯಲ್ಲಿ ಜವಳಿ, ಫ್ಯಾನ್ಸಿ ಇಟ್ಟುಕೊಂಡು ಬಾಗಿಲು ಹಾಕಿದವರ ಹೆಸರು ಆ ಪಟ್ಟಿಯಲ್ಲಿ ಬರಲಿಲ್ಲ.

ಅಮೆರಿಕದಲ್ಲಿ ಬೇರೆ ಕತೆ. ಅಲ್ಲಿ 2021ರ ಕಾಯ್ದೆಯಿಂದ ರಾಜ್ಯ, ಕೌಂಟಿ, ನಗರಗಳಿಗೆ ಹೋದದ್ದು 35 ಸಾವಿರ ಕೋಟಿ ಡಾಲರ್, ತಲೆಗೆ ಸಾವಿರ ಡಾಲರಿಗೂ ಮೇಲೆ. ಅವರಷ್ಟು ಸಿರಿ ನಮಗಿಲ್ಲ, ಆ ಮಾತು ಬಿಡಿ. ನೋಡಬೇಕಾದದ್ದು ವಿಧಾನ. ಅಂಗಡಿ ಮುಚ್ಚಿ ತೆರಿಗೆ ಖೋತಾ ಆದ ನಗರ ಅದನ್ನು ಈ ಹಣದಲ್ಲಿ ತುಂಬಿಕೊಳ್ಳಬಹುದಿತ್ತು. 2024ರ ಡಿಸೆಂಬರ್ 31ರೊಳಗೆ ಯಾವ ಕೆಲಸಕ್ಕೆ ಎಂದು ಗೊತ್ತುಮಾಡಬೇಕು ಎಂಬ ಗಡುವೂ ಇತ್ತು. ಗಡುವು ಹತ್ತಿರ ಬಂದಂತೆ ಒಂದು ಕೆಲಸದಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ಹಾಕಲು ನಗರಸಭೆಗಳು ಸೇರಿ ಮತ ಹಾಕಿದವು. ಯಾವ ಯೋಜನೆಗೆ ಕತ್ತರಿ, ಯಾವುದಕ್ಕೆ ಹಣ ಎಂದು ಎದುರೇ ಗಲಾಟೆ ಆಯಿತು. ನಮ್ಮ ಪಂಚಾಯತಿಗೆ ಲೈಸೆನ್ಸ್ ಶುಲ್ಕ, ಕಟ್ಟಡ ಬಾಡಿಗೆ ಬಾರದೆ ಹೋದರೆ ಹಣಕಾಸು ಆಯೋಗದ ದುಡ್ಡಿನಿಂದ ಅದನ್ನು ತುಂಬುವ ದಾರಿ ಇಲ್ಲ. ನೀರು ಬಿಡುವವನಿಗೆ ಆ ಹಣದಲ್ಲಿ ಕೈಗವಸು ತರಬಹುದು, ಸಂಬಳ ಕೊಡುವ ಹಾಗಿಲ್ಲ.

ಗಡಿಯ ತಮಾಷೆ ಒಂದುಂಟು. ಬ್ರಹ್ಮಾವರದಿಂದ ಬಸ್ ಹತ್ತಿದವರು ಐರೋಡಿ ಗ್ರಾಮ ಪಂಚಾಯತಿನ ಸಾಸ್ತಾನ ದಾಟಿ ಗುಂಡ್ಮಿಗೆ ಬಂದರೆ ಸಾಲಿಗ್ರಾಮ ಪಟ್ಟಣ ಪಂಚಾಯತ್. ಟಿಕೆಟು ಅದೇ, ಕಂಡಕ್ಟರ್ ಅವನೇ, ಕೆಮ್ಮೂ ಅದೇ. ಆದರೆ ಮೇ 8ರ ಆ ಹಣ ಗ್ರಾಮೀಣ ಸಂಸ್ಥೆಗಳದ್ದು ಮಾತ್ರ. ಪಟ್ಟಣ ಪಂಚಾಯತ್‌ನ ಅನುದಾನದ ಲೆಕ್ಕವೇ ಬೇರೆ.

ಪಟ್ಟಿ ಎಲ್ಲಿದೆ?

ಕ್ರಿಯಾಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ಆಯೋಗದ ಹಣ ಪಾವತಿಯಾಗುವುದಿಲ್ಲ. ಬದಲಾವಣೆ ಮಾಡಿದ್ದರೆ ಅದೂ ಇ-ಗ್ರಾಮ್ ಸ್ವರಾಜ್ ಎಂಬ ಕೇಂದ್ರದ ಜಾಲತಾಣದಲ್ಲಿ ಏರಬೇಕು. ಅದು ಶುರುವಾದದ್ದೂ ಲಾಕ್‌ಡೌನ್ ನಡುವೆ, 2020ರ ಏಪ್ರಿಲ್ 24ಕ್ಕೆ. ಪಂಚಾಯತ್ ಹೆಸರು, ವರ್ಷ ಹಾಕಿದರೆ ಯೋಜನೆ ಏನಿತ್ತು, ಖರ್ಚು ಎಷ್ಟಾಯಿತು ಎಂದು ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು.  ಅಂಗಡಿಯಲ್ಲಿ ಕಾಲೇಜಿಗೆ ಹೋಗುವ ಹುಡುಗ ಇದ್ದರೆ ಸಾಕು.

ಅದೂ ಬೇಡವೆಂದರೆ ಜಮಾಬಂದಿ ಇದ್ದೇ ಇದೆ. ವರ್ಷಕ್ಕೊಮ್ಮೆ ಪಂಚಾಯತಿನ ಲೆಕ್ಕಪುಸ್ತಕ ಜನರ ಎದುರು ಇಡುವ ದಿನ ಅದು. ಕುರ್ಚಿಗಳು ಖಾಲಿ ಇರುತ್ತವೆ. ಅಂಗಡಿ ಬಿಟ್ಟು ಹೋಗುವುದು ಕಷ್ಟವೇ, ಸುಳ್ಳಲ್ಲ. ಹೋದವರು ಎರಡು ವರ್ಷದ್ದು ಕೇಳಬೇಕು: 2020-21ರ ಕ್ರಿಯಾಯೋಜನೆ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು. 2021-22ರ ಮೊದಲ ಕಂತಿನಲ್ಲಿ ಔಷಧ, ಮಾಸ್ಕಿಗೆ ಹೋದದ್ದೆಷ್ಟು, ಆ ಮೊತ್ತ ಕಡಿದದ್ದು ಯಾವ ವಾರ್ಡಿನ ಯಾವ ಕೆಲಸದಿಂದ, ಆ ಕೆಲಸವನ್ನು ಆಮೇಲೆ ಯಾವ ವರ್ಷದ ಯೋಜನೆಗೆ ಸೇರಿಸಿದರು.